ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ: ಸಿಕ್ಕಿದ್ದು ಕೈತಪ್ಪದಂತೆ ನಾನು ನೋಡಿಕೊಂಡ ಬಗೆ

ಪಿಯುಸಿ ಅಂಕದ ಮೇಲೆ ಕೇಂದ್ರ ಶಿಕ್ಷಣ ಸಚಿವಾಲಯ ಕೊಡುವ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ ಈಗ ಪ್ರಧಾನಮಂತ್ರಿ ಉಚ್ಚತರ ಶಿಕ್ಷಾ ಪ್ರೋತ್ಸಾಹನ್ (ಪಿಎಂ-ಯುಎಸ್‌ಪಿ) ಯೋಜನೆಯಡಿ ಬರುತ್ತದೆ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೂರು ವರ್ಷ ತಲಾ 12,000 ರೂಪಾಯಿ, ಸ್ನಾತಕೋತ್ತರದಲ್ಲಿ ವರ್ಷಕ್ಕೆ 20,000. ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ. ಓದುವವರಿಗೆ ಒಟ್ಟು 76,000 ಆಯಿತು. ಬಿ.ಇ. ಓದುವವರಿಗೆ ನಾಲ್ಕನೇ ವರ್ಷ 20,000 ಬರುತ್ತದೆ.

ಆಯ್ಕೆಯಾದರೆ ಐದು ವರ್ಷವೂ ತಾನಾಗಿಯೇ ಹಣ ಬರುತ್ತದೆ ಎಂದುಕೊಂಡವರು ಬಹಳ. ಪ್ರತಿ ವರ್ಷ ನವೀಕರಣದ ಅರ್ಜಿ ಹಾಕಲೇಬೇಕು. ಅದಕ್ಕೆ ಮುಖ್ಯ ಷರತ್ತು ಎರಡು: ಹಿಂದಿನ ವರ್ಷದ ಪರೀಕ್ಷೆಯಲ್ಲಿ ಶೇ. 50 ಅಂಕ, ಶೇ. 75 ಹಾಜರಾತಿ. ಇವಲ್ಲದೆ ಕೋರ್ಸ್ ರೆಗ್ಯುಲರ್ ಆಗಿರಬೇಕು, ದೂರಶಿಕ್ಷಣ ನಡೆಯದು. ರ‍್ಯಾಗಿಂಗ್ ಅಥವಾ ಅಶಿಸ್ತಿನ ದೂರು ಬಂದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ನನ್ನ ಲೆಕ್ಕದಲ್ಲಿ ಅಂಕದ ಷರತ್ತೇ ಎಲ್ಲಕ್ಕಿಂತ ಸುಲಭ. ಜನ ಕಳೆದುಕೊಳ್ಳುವುದು ಕಾಗದಪತ್ರದಲ್ಲಿ ಮತ್ತು ಬ್ಯಾಂಕ್ ಖಾತೆಯಲ್ಲಿ.

ಆದರೂ ಅಂಕದ ಲೆಕ್ಕವನ್ನು ಒಮ್ಮೆ ಸರಿಯಾಗಿ ಮಾಡಿಕೊಳ್ಳುವುದು ಒಳ್ಳೆಯದು. ನಾನು ವರ್ಷದ ಎರಡೂ ಸೆಮಿಸ್ಟರಿನ ಗಳಿಸಿದ ಅಂಕ ಕೂಡಿಸಿ, ಒಟ್ಟು ಗರಿಷ್ಠ ಅಂಕದಿಂದ ಭಾಗಿಸುತ್ತೇನೆ. ಎರಡಕ್ಕೂ ಗರಿಷ್ಠ ಅಂಕ ಒಂದೇ ಇದ್ದು, ಒಂದರಲ್ಲಿ ಶೇ. 44, ಇನ್ನೊಂದರಲ್ಲಿ 58 ಬಂದರೆ ವರ್ಷಕ್ಕೆ 51. ಒಂದು ವಿಷಯ ಬಾಕಿ ಉಳಿದರೆ ಆ ಕಡಿಮೆ ಅಂಕ ಇಡೀ ಸರಾಸರಿಯನ್ನು ಕೆಳಗೆಳೆಯುತ್ತದೆ. ಗ್ರೇಡ್ ಕೊಡುವ ಕಡೆ ಇನ್ನೂ ಎಚ್ಚರ ಬೇಕು. ಸಿಜಿಪಿಎ 5.6 ಎಂದರೆ ಶೇ. 56 ಎಂದೇ ಅರ್ಥವಲ್ಲ. ವಿಟಿಯುವಿನ 2018ರ ಸ್ಕೀಮಿನಲ್ಲಿ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕಿತ್ತು. ಹಾಗೆ ಮಾಡಿದರೆ 5.6 ಬರೀ 48.5 ಆಗುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಸೂತ್ರ ಗ್ರೇಡ್ ಕಾರ್ಡಿನ ಹಿಂಬದಿಯಲ್ಲೋ ಪರೀಕ್ಷಾಂಗದ ಸುತ್ತೋಲೆಯಲ್ಲೋ ಇರುತ್ತದೆ. ಅದರ ಒಂದು ಪ್ರತಿಯನ್ನು ಅರ್ಜಿಯ ಜೊತೆಗೇ ಕಾಲೇಜಿಗೆ ಕೊಡಿ. ಪರಿಶೀಲಿಸುವವರು ಬೇರೆ ಸೂತ್ರ ಹಿಡಿದು ಕೂತರೆ ನಿಮ್ಮ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಹಾಜರಾತಿಯನ್ನು ವಿಷಯವಾರು ಬರೆದಿಡುವ ಅಭ್ಯಾಸ ನನ್ನದು. ವಾರಕ್ಕೆ ನಾಲ್ಕು ತರಗತಿಯಂತೆ ಹದಿನಾರು ವಾರಕ್ಕೆ 64 ತರಗತಿ, ಅದರಲ್ಲಿ 16 ತಪ್ಪಿದರೂ ನಡೆಯುತ್ತದೆ. ಪ್ರಯೋಗಾಲಯದ ಕತೆ ಬೇರೆ. ವಾರಕ್ಕೊಂದೇ ಲ್ಯಾಬ್ ಇದ್ದರೆ ಇಡೀ ಸೆಮಿಸ್ಟರಿಗೆ ಹದಿನಾರು, ನಾಲ್ಕಕ್ಕಿಂತ ಒಂದು ಹೆಚ್ಚು ತಪ್ಪಿದರೂ ಮುಗಿಯಿತು. ಊರ ಜಾತ್ರೆ, ಮದುವೆ ಅಂತ ಸೋಮವಾರ ಹೋಗಿ ಬುಧವಾರ ಬರುವವರು ಲ್ಯಾಬ್ ಯಾವ ದಿನ ಎಂದು ನೋಡಿಕೊಂಡು ಹೊರಡಬೇಕು. ಕಾಯಿಲೆಯಾದರೆ ವೈದ್ಯರ ಪತ್ರವನ್ನು ಆ ವಾರವೇ ಕೊಟ್ಟು ಸ್ವೀಕೃತಿ ಪಡೆಯಿರಿ. ಪರೀಕ್ಷೆಗೆ ಕೂರಲು ಸಿಗುವ ವಿನಾಯಿತಿ ವಿದ್ಯಾರ್ಥಿವೇತನಕ್ಕೂ ಅನ್ವಯಿಸುತ್ತದೆ ಎಂದು ನಂಬಿ ಕೂರಬೇಡಿ.

ಇನ್ನು ಪೋರ್ಟಲ್. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಸಾಮಾನ್ಯವಾಗಿ ವರ್ಷದ ನಡುವೆ ತೆರೆದು ಅಕ್ಟೋಬರ್ ಆಸುಪಾಸಿಗೆ ಮುಚ್ಚುತ್ತದೆ. ಆಮೇಲೆ ವಿಸ್ತರಣೆ ಆಗುವುದುಂಟು, ಆದರೆ ಅದನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. 2024-25ರಿಂದ ಒಟಿಆರ್ ಎಂಬ 14 ಅಂಕಿಯ ಒಂದು ಬಾರಿಯ ನೋಂದಣಿ ಸಂಖ್ಯೆ ಬೇಕು. ಅದಕ್ಕೆ ಮೊಬೈಲಿನಲ್ಲಿ ಆಧಾರ್ ಮುಖ ದೃಢೀಕರಣ ಮಾಡಬೇಕು. ಹಗಲು ಬೆಳಕಿನಲ್ಲಿ, ಹಿಂದೆ ಬರೀ ಗೋಡೆ ಇರುವ ಕಡೆ ನಿಂತರೆ ಬೇಗ ಆಗುತ್ತದೆ. ಎರಡನೇ ವರ್ಷದವರು ಗಮನಿಸಬೇಕಾದ್ದು: ‘ಫ್ರೆಶ್’ ಅಲ್ಲ, ‘ರಿನ್ಯೂವಲ್’ ಒತ್ತಬೇಕು. ಫ್ರೆಶ್ ಅಂತ ಹಾಕಿದ ಅರ್ಜಿ ಮೊದಲ ವರ್ಷದವರ ಸಾಲಿಗೆ ಸೇರಿ ಬಿದ್ದುಹೋಗುತ್ತದೆ.

ನಮ್ಮ ಕಡೆಯ ದೊಡ್ಡ ತಲೆನೋವೆಂದರೆ ಫಲಿತಾಂಶ. ಪೋರ್ಟಲ್ ಮುಚ್ಚುವ ಹೊತ್ತಿಗೂ ಸಮ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಕೈಗೆ ಬಂದಿರುವುದಿಲ್ಲ. ಅಂಕಪಟ್ಟಿ ಮುದ್ರಣವಾಗಲಿ ಎಂದು ನಾನು ಕಾಯುವುದಿಲ್ಲ. ವೆಬ್‌ಸೈಟಿನಲ್ಲಿ ಫಲಿತಾಂಶ ಬಂದ ದಿನವೇ ಪ್ರಿಂಟ್ ತೆಗೆದು, ಪ್ರಾಂಶುಪಾಲರ ಸಹಿ-ಮೊಹರು ಹಾಕಿಸಿ ಇಟ್ಟುಕೊಳ್ಳುತ್ತೇನೆ. ಫಲಿತಾಂಶವೇ ಬರದಿದ್ದರೆ ಆ ವಿಷಯವನ್ನು ಬರವಣಿಗೆಯಲ್ಲಿ ಕಾಲೇಜಿನ ನೋಡಲ್ ಅಧಿಕಾರಿಗೆ (ವಿದ್ಯಾರ್ಥಿವೇತನದ ಕೆಲಸ ನೋಡಿಕೊಳ್ಳುವವರು) ತಿಳಿಸಬೇಕು. ಅಂದಾಜಿನ ಅಂಕ ತುಂಬಿ ಸಲ್ಲಿಸುವ ಕೆಲಸ ಮಾತ್ರ ಬೇಡ. ಸುಳ್ಳು ಮಾಹಿತಿ ಎಂದು ಗುರುತಾದರೆ ಮುಂದಿನ ದಾರಿಯೇ ಮುಚ್ಚುತ್ತದೆ.

ಸಲ್ಲಿಸಿದ ಮೇಲೆ ಅರ್ಜಿ ಕಾಲೇಜಿನ ಲಾಗಿನ್‌ಗೆ ಹೋಗುತ್ತದೆ. ಪರಿಶೀಲನೆಗೆ ಬೇರೆಯೇ ಕೊನೆಯ ದಿನಾಂಕ ಇರುತ್ತದೆ. ನೋಡಲ್ ಅಧಿಕಾರಿ, ಸಂಸ್ಥೆಯ ಮುಖ್ಯಸ್ಥರು ಇಬ್ಬರ ಆಧಾರ್ ದೃಢೀಕರಣವೂ ಆಗಿರಬೇಕು. ಪ್ರಾಂಶುಪಾಲರ ವರ್ಗಾವಣೆಯಾಗಿ ಹೊಸಬರ ದೃಢೀಕರಣ ಬಾಕಿಯಿದ್ದರೆ ಇಡೀ ಕಾಲೇಜಿನ ಅರ್ಜಿಗಳು ನಿಂತುಬಿಡುತ್ತವೆ. ಹಾಗಾಗಿ ಅರ್ಜಿ ಹಾಕುವ ಮೊದಲೇ ಆಫೀಸಿನಲ್ಲಿ ಕೇಳಿಬಿಡುವುದು ಲೇಸು: ‘ಸಾರ್, ಈ ವರ್ಷ ನಮ್ಮ ಕಾಲೇಜಿನ ಲಾಗಿನ್ ಚಾಲೂ ಇದೆಯಾ?’ ಕೇಳಿದರೆ ಮುನಿಸಿಕೊಳ್ಳುವವರು ಕಡಿಮೆ. ‘ಡಿಫೆಕ್ಟಿವ್’ ಎಂದು ಬಂದರೆ ಗಾಬರಿ ಬೇಡ, ತಿದ್ದಿ ಮತ್ತೆ ಕಳಿಸಬಹುದು, ಗಡುವಿನೊಳಗೆ. ‘ರಿಜೆಕ್ಟ್’ ಆದರೆ ಆ ವರ್ಷದ ಮಟ್ಟಿಗೆ ಮುಗಿದಂತೆ. ಈ ಸಂದೇಶವೆಲ್ಲ ನೋಂದಾಯಿಸಿದ ಮೊಬೈಲಿಗೆ ಬರುವುದರಿಂದ ಸಿಮ್ ಬದಲಿಸುವ ಹುಚ್ಚು ಐದು ವರ್ಷ ಬಿಟ್ಟಿರಿ.

ಹೆಸರಿನ ಗೋಳು ಕನ್ನಡಿಗರಿಗೆ ಹೊಸದಲ್ಲ. ಮಾರ್ಕ್ಸ್ ಕಾರ್ಡಿನಲ್ಲಿ ‘ರಮ್ಯಾ ಎಚ್.ಎಸ್.’, ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು, ಬ್ಯಾಂಕಿನಲ್ಲಿ ಬರೀ ‘ರಮ್ಯಾ’. ಮೂರನ್ನೂ ಒಂದು ಮಾಡಲು ಮಾರ್ಕ್ಸ್ ಕಾರ್ಡಿನಂತೆ ಆಧಾರ್ ತಿದ್ದಿಸುವುದು ಸಲೀಸು, ತಿರುಗಾಮುರುಗಾ ಮಾಡಲು ಹೋದರೆ ಬೋರ್ಡಿಗೆ ಅಲೆಯಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಎಸ್‌ಎಸ್‌ಪಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್. ಕೇಂದ್ರದ ಈ ವಿದ್ಯಾರ್ಥಿವೇತನ ಪಡೆಯುವವರು ಬೇರೆ ಯಾವ ವಿದ್ಯಾರ್ಥಿವೇತನವನ್ನೂ, ರಾಜ್ಯದ ಶುಲ್ಕ ವಿನಾಯಿತಿಯನ್ನೂ ಪಡೆಯುವಂತಿಲ್ಲ. ಎರಡೂ ಕಡೆ ಅರ್ಜಿ ಹಾಕಿ ‘ಯಾವುದು ಬಂದರೆ ಅದು’ ಅನ್ನುವುದು ಅಪಾಯ, ಎರಡಕ್ಕೂ ಆಧಾರ್ ಸಂಖ್ಯೆಯೇ ಬೀಗದ ಕೈ. ಮೊದಲು ಲೆಕ್ಕ ಹಾಕಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ಬರುತ್ತದೆ. ಪದವಿಯ ಮೂರು ವರ್ಷಕ್ಕೆ ಅದೇ ಮೇಲು. ಮೂಲವಿಜ್ಞಾನ ಓದುವ, ಬೋರ್ಡಿನ ಮೇಲಿನ ಶೇ. 1ರೊಳಗೆ ಬಂದವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ವರ್ಷಕ್ಕೆ 80,000, ಅದರಲ್ಲಿ 20,000 ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಅದು ಸಿಗುವಂತಿದ್ದರೆ ಇದರ ಹಿಂದೆ ಬೀಳುವ ಅಗತ್ಯವೇ ಇಲ್ಲ.

ಪದವಿಯಿಂದ ಸ್ನಾತಕೋತ್ತರಕ್ಕೆ ಹೋಗುವಾಗ ಸಂಸ್ಥೆ ಬದಲಾಗುತ್ತದೆ. ಹೊಸ ಸಂಸ್ಥೆಗೆ ಐಶೆ ಕೋಡ್ (ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದ್ದು, ಅದು ಪೋರ್ಟಲಿನಲ್ಲಿ ಇರಬೇಕು. ವಿಶ್ವವಿದ್ಯಾಲಯದ ಕ್ಯಾಂಪಸ್, ಅದರ ಸ್ನಾತಕೋತ್ತರ ಕೇಂದ್ರ, ಅದೇ ಊರಿನ ಕಾಲೇಜು ಪಟ್ಟಿಯಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ತಪ್ಪಿದ್ದನ್ನು ಆರಿಸಿದರೆ ಅರ್ಜಿ ನಿಮ್ಮ ಗುರುತೇ ಇಲ್ಲದವರ ಲಾಗಿನ್‌ಗೆ ಹೋಗಿ ಕೂರುತ್ತದೆ.

ಕೊನೆಯದು ಬ್ಯಾಂಕ್. ಹಣ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ ಅಲ್ಲಿಗೆ ಬರುತ್ತದೆ. ಬ್ಯಾಂಕಿನಲ್ಲಿ ಆಧಾರ್ ಜೋಡಣೆಯಾಗಿದ್ದ ಮಾತ್ರಕ್ಕೆ ಸೀಡಿಂಗ್, ಅಂದರೆ ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ದಾಖಲೆಯಲ್ಲಿ ಆಧಾರಿಗೆ ಆ ಬ್ಯಾಂಕಿನ ಹೆಸರು ಸೇರುವುದು, ಆಗಿದೆ ಎಂದಲ್ಲ. ಅಂಗಡಿಯಲ್ಲಿ ಸಿಮ್ ಕೊಳ್ಳುವಾಗ ಪೇಮೆಂಟ್ ಬ್ಯಾಂಕ್ ಖಾತೆ ತೆರೆದುಕೊಂಡರೆ ಸೀಡಿಂಗ್ ಅಲ್ಲಿಗೆ ಜಾರಿರಬಹುದು. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಬ್ಯಾಂಕಿನ ಹೆಸರೂ ‘ಆ್ಯಕ್ಟಿವ್’ ಎಂಬ ಪದವೂ ಕಾಣಬೇಕು. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಆದ್ದರಿಂದ ನೂರು ರೂಪಾಯಿಯನ್ನಾದರೂ ಹಾಕಿ ತೆಗೆಯುತ್ತಿರಿ. ವರ್ಷದ ಹಣ ಒಂದೇ ಕಂತಿನಲ್ಲಿ ಬರುತ್ತದೆ. ಬಂತೋ ಇಲ್ಲವೋ ಎನ್ನುವುದನ್ನು ಸರ್ಕಾರಿ ಹಣ ಪಾವತಿಯ ವಿವರ ತೋರಿಸುವ ಪಿಎಫ್‌ಎಂಎಸ್ ಜಾಲತಾಣದಲ್ಲಿ ಅರ್ಜಿ ಸಂಖ್ಯೆ ಕೊಟ್ಟು ನೋಡಬಹುದು. ಅಲ್ಲಿ ಪಾವತಿ ವಿಫಲ ಎಂದಿದ್ದರೆ ಕಾಲೇಜಿಗೆ ಅಲೆಯದೆ, ಕಾರಣ ಬರೆದ ಪುಟದ ಪ್ರಿಂಟ್ ಹಿಡಿದು ನೇರ ಬ್ಯಾಂಕಿನ ಶಾಖೆಗೆ ಹೋಗಿ.