ಆಲಿವ್ ಎಣ್ಣೆಯ ಬಣ್ಣವನ್ನಲ್ಲ, ಕಹಿಯನ್ನು ಗಮನಿಸಿ

ಆರೋಗ್ಯಕ್ಕೆಂದು ಆಲಿವ್ ಎಣ್ಣೆ ಬಳಸುವವರು ಒಂದು ಚಮಚ ಎಣ್ಣೆಯನ್ನು ಹಾಗೆಯೇ ರುಚಿ ನೋಡುವುದು ಒಳ್ಳೆಯದು. ನಾಲಿಗೆಗೆ ಕಹಿ ತಗುಲಿ, ನುಂಗಿದ ಮೇಲೆ ಗಂಟಲಿನ ಹಿಂಭಾಗದಲ್ಲಿ ಕೆಮ್ಮು ಬರಿಸುವಂಥ ಉರಿ ಕಾಣಿಸಿಕೊಂಡರೆ ಎಣ್ಣೆ ಕೆಟ್ಟಿದೆಯೆಂದು ಭಾವಿಸಬೇಡಿ; ಪಾಲಿಫಿನಾಲ್‌ಗಳೆಂಬ ಉತ್ಕರ್ಷಣ ನಿರೋಧಕಗಳು (ಆಂಟಿಆಕ್ಸಿಡೆಂಟ್‌ಗಳು) ಅದರಲ್ಲಿ ಉಳಿದಿವೆ ಎಂಬುದರ ಸೂಚನೆಯದು. ಆ ಉರಿಗೆ ಕಾರಣವಾದ ಓಲಿಯೊಕ್ಯಾಂಥಾಲ್ ಎಂಬ ಪಾಲಿಫಿನಾಲ್, ನೋವು ನಿವಾರಕ ಐಬುಪ್ರೊಫೆನ್ ಮಾತ್ರೆ ತಡೆಯುವ ಕಿಣ್ವಗಳನ್ನೇ ತಡೆಯುತ್ತದೆಂದು 2005ರ ಸಂಶೋಧನೆಯೊಂದು ತೋರಿಸಿತು. ಆದರೂ ಆಹಾರದಲ್ಲಿ ದೊರೆಯುವ ಪ್ರಮಾಣ ಅತ್ಯಲ್ಪವಾದ್ದರಿಂದ ಅದನ್ನು ಔಷಧದ ಬದಲಿಗೆ ನೆಚ್ಚಿಕೊಳ್ಳುವುದು ಸರಿಯಲ್ಲ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಗಮನ ಕೊಡಬೇಕಾದದ್ದು ಹೈಡ್ರಾಕ್ಸಿಟೈರೊಸಾಲ್ ಎಂಬ ಇನ್ನೊಂದು ಪಾಲಿಫಿನಾಲ್ ಕಡೆಗೆ. ರಕ್ತದಲ್ಲಿನ ಎಲ್‌ಡಿಎಲ್ (‘ಕೆಟ್ಟ’) ಕೊಲೆಸ್ಟರಾಲ್ ಉತ್ಕರ್ಷಣಗೊಂಡಾಗ ರಕ್ತನಾಳದ ಗೋಡೆಗಳಲ್ಲಿ ಕೊಬ್ಬಿನ ಪದರ ಬೆಳೆಯಲು ದಾರಿಯಾಗುತ್ತದೆ. ಈ ಉತ್ಕರ್ಷಣವನ್ನು ತಗ್ಗಿಸಲು ಆಲಿವ್ ಪಾಲಿಫಿನಾಲ್‌ಗಳು ನೆರವಾಗುತ್ತವೆ. 20 ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಸಂಬಂಧಿ ಸಂಯುಕ್ತಗಳು ಕನಿಷ್ಠ 5 ಮಿಲಿಗ್ರಾಂ ಇದ್ದರೆ ಮಾತ್ರ ಈ ಪ್ರಯೋಜನವನ್ನು ಲೇಬಲ್ ಮೇಲೆ ಹೇಳಿಕೊಳ್ಳಲು ಐರೋಪ್ಯ ಒಕ್ಕೂಟದ 2012ರ ನಿಯಮ ಅವಕಾಶ ಕೊಡುತ್ತದೆ.

ಸಂಸ್ಕರಿಸಿದ ಎಣ್ಣೆಯಲ್ಲಿ ಈ ಪಾಲಿಫಿನಾಲ್‌ಗಳು ಬಹುಪಾಲು ನಷ್ಟವಾಗಿರುವುದರಿಂದ ‘ಎಕ್ಸ್‌ಟ್ರಾ ವರ್ಜಿನ್’ ಎಂಬ ಸಂಸ್ಕರಿಸದ ಎಣ್ಣೆಯನ್ನೇ, ಅದರಲ್ಲೂ ಕೊಯ್ಲಿನ ದಿನಾಂಕ ಇತ್ತೀಚಿನದಾಗಿರುವುದನ್ನು, ಗಾಢ ಬಣ್ಣದ ಬಾಟಲಿಯಲ್ಲಿ ಕೊಂಡು, ಒಲೆಯ ಶಾಖ ಮತ್ತು ಬೆಳಕಿನಿಂದ ದೂರವಿಡಿ. ಉಪ್ಪುನೀರಿನಲ್ಲಿಟ್ಟ ಆಲಿವ್ ಕಾಯಿಗಳಲ್ಲಿ ಸೋಡಿಯಂ ಹೆಚ್ಚಿರುತ್ತದೆ; ರಕ್ತದೊತ್ತಡವಿರುವವರು ಅವನ್ನು ತೊಳೆದು ಮಿತವಾಗಿ ತಿನ್ನಬೇಕು. ಎಣ್ಣೆಯನ್ನು ಊಟಕ್ಕೆ ಹೆಚ್ಚುವರಿಯಾಗಿ ಸೇರಿಸದೆ, ಈಗ ಬಳಸುತ್ತಿರುವ ಬೆಣ್ಣೆಯಂಥ ಕೊಬ್ಬಿನ ಬದಲಿಗೆ ಬಳಸಿ, ಏಕೆಂದರೆ ಒಂದು ದೊಡ್ಡ ಚಮಚದಲ್ಲೇ ಸುಮಾರು 120 ಕ್ಯಾಲೊರಿಗಳಿವೆ.