ಒಳ್ಳೆ ಫ್ರೈಡ್ ಚಿಕನ್ ಹುಡುಕುವ ಬಗೆ: ಪರದೇಶಕ್ಕೆ ಹೊಸದಾಗಿ ಬಂದವರಿಗೆ

ಮನೆ ಸಿಕ್ಕಿತು, ಬ್ಯಾಂಕ್ ಖಾತೆ ಆಯಿತು, ಫೋನಿಗೆ ಸಿಮ್ ಬಂತು. ಅದಾದ ಮೇಲೆ ಹೊಸಬರು ಕೇಳುವ ಪ್ರಶ್ನೆ: ಇಲ್ಲಿ ಒಳ್ಳೆ ಫ್ರೈಡ್ ಚಿಕನ್ ಎಲ್ಲಿ ಸಿಗುತ್ತದೆ? ನಾನು ಅಂಗಡಿ ಹೆಸರು ಹೇಳುವುದನ್ನು ಬಿಟ್ಟಿದ್ದೇನೆ. ಮಧ್ಯಾಹ್ನ ಹನ್ನೆರಡೂವರೆಗೆ ಬಾಯಿ ಚಪ್ಪರಿಸುವಂಥ ಚಿಕನ್ ಕೊಟ್ಟ ಅಂಗಡಿಯೇ ಮೂರೂವರೆಗೆ ಜೋತುಬಿದ್ದ, ಎಣ್ಣೆ ಜಿಗುಟಿನ ತುಂಡು ಕೊಡುತ್ತದೆ. ಅಡುಗೆಯವರು ಅವರೇ, ಮಸಾಲೆಯೂ ಅದೇ. ಹೊತ್ತು ಮಾತ್ರ ಬೇರೆ. ಎಲ್ಲಿ ತಿನ್ನಬೇಕು ಅನ್ನುವುದಕ್ಕಿಂತ ಎಣ್ಣೆಯಿಂದ ತೆಗೆದು ಎಷ್ಟು ಹೊತ್ತಾಗಿದೆ ಅನ್ನುವುದನ್ನು ನೋಡಿ.

ಕೋಳಿ ತುಂಡನ್ನು ಕಾದ ಎಣ್ಣೆಗೆ ಬಿಟ್ಟಾಗ ಮೇಲಿನ ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೋಗುತ್ತದೆ. ಗರಿಗರಿ ಬರುವುದು ಅದರಿಂದ. ಹೊರಗೆ ತೆಗೆದ ಮೇಲೆ ಮಾಂಸದ ಒಳಗಿನ ತೇವ ನಿಧಾನವಾಗಿ ಹೊರಗೆ ಬರುತ್ತದೆ. ಮೇಲಿನ ಪದರ ಅದನ್ನು ಕುಡಿದು ಮೆತ್ತಗಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಬಿಸಿ ದೀಪದ ಕೆಳಗೆ ಇಟ್ಟರೆ ಬಿಸಿ ಉಳಿಯುತ್ತದೆ, ಗರಿ ಉಳಿಯುವುದಿಲ್ಲ. ಅದಕ್ಕೇ ಕೌಂಟರಿನಲ್ಲಿ ನಾಚಿಕೆ ಬಿಟ್ಟು ಕೇಳಿ: "ಈಗಷ್ಟೇ ಕರಿದದ್ದು ಯಾವುದಿದೆ?" ಇಲ್ಲ ಅಂದರೆ, "ಹೊಸದಾಗಿ ಕರಿದು ಕೊಡ್ತೀರಾ, ಕಾಯ್ತೀನಿ" ಅನ್ನಿ. ಹೊಸಬರಿಗೆ ಇದು ಧಾರ್ಷ್ಟ್ಯ ಅನ್ನಿಸಬಹುದು. ಹಾಗೇನಿಲ್ಲ, ದಿನಾ ಬರುವ ಗಿರಾಕಿಗಳು ಕೇಳುವುದೇ ಹೀಗೆ.

ಮೂಳೆ ಇರುವ ತೊಡೆಯ ತುಂಡು ಎಣ್ಣೆಯಲ್ಲಿ ಸರಿಯಾಗಿ ಬೇಯಲು ಸುಮಾರು ಹದಿನೈದು ನಿಮಿಷ ಬೇಕು. ಆದ್ದರಿಂದ "ಸ್ವಲ್ಪ ಕಾಯಬೇಕಾಗುತ್ತದೆ" ಅಂದರೆ ಅದು ಸಿಹಿ ಸುದ್ದಿ. ಖಾಲಿ ಅಂಗಡಿಯಲ್ಲಿ ಎರಡೇ ನಿಮಿಷಕ್ಕೆ ತಟ್ಟೆ ಬಂದರೆ ಆ ಕೋಳಿ ಯಾವಾಗಲೋ ಬೆಂದು ಕೂತಿತ್ತು ಅಂತ ಅರ್ಥ. ಗಿರಾಕಿಗಳು ತುಂಬಿರುವ ಅಂಗಡಿಯಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಒಂದು ಒಬ್ಬೆ ಖಾಲಿಯಾಗುವ ಮೊದಲೇ ಇನ್ನೊಂದು ಎಣ್ಣೆಯಿಂದ ಏಳುತ್ತಿರುತ್ತದೆ, ಬೇಗ ಬಂದರೂ ಬಿಸಿಯಾಗಿಯೇ ಬರುತ್ತದೆ. ಊಟದ ಹೊತ್ತಿನ ನೂಕುನುಗ್ಗಲಿಗೆ ಬೈಯಬೇಡಿ. ಅದು ನಿಮ್ಮ ಪಾಲಿಗೆ ಒಳ್ಳೆಯದೇ.

ಇನ್ನು ಎಣ್ಣೆ. ಬಾಗಿಲು ತೆಗೆದ ಕೂಡಲೇ ಮೂಗನ್ನು ನಂಬಿ. ಕರಿದ ವಾಸನೆ ಹಿತವಾಗಿರಬೇಕು. ಸುಟ್ಟ ವಾಸನೆಯೋ ಹಳೇ ಮೀನಿನ ವಾಸನೆಯೋ ಮೂಗಿಗೆ ಬಡಿದರೆ ಒಂದು ಪಾನೀಯ ತಗೊಂಡು ಹೊರಟುಬಿಡಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗುತ್ತದೆ, ನೊರೆ ಕಟ್ಟುತ್ತದೆ. ಅದರಲ್ಲಿ ಕರಿದದ್ದು ಹೊರಗೆ ಬೇಗ ಕಂದು ಬಣ್ಣಕ್ಕೆ ತಿರುಗಿ ಒಳಗೆ ಹಸಿ ಉಳಿಯಬಹುದು. ಬಣ್ಣ ನೋಡಿ ತೀರ್ಮಾನಿಸಬೇಡಿ, ಹಿಟ್ಟಿನಲ್ಲಿ ಮೆಣಸಿನ ಪುಡಿ ಜಾಸ್ತಿ ಇದ್ದರೂ ಬಣ್ಣ ಗಾಢವಾಗುತ್ತದೆ. ನಾಲಿಗೆ ಹೇಳುವುದು ಹೆಚ್ಚು ನಿಜ. ತಿಂದ ಮೇಲೆ ಬಾಯಿಯ ಒಳಮೈಗೆ ಮೇಣ ಮೆತ್ತಿದ ಹಾಗೆ ಅನ್ನಿಸಿದರೆ ಎಣ್ಣೆ ಹಳೆಯದು, ಇಲ್ಲವೇ ಸಾಕಷ್ಟು ಕಾದಿರಲಿಲ್ಲ. ಎಣ್ಣೆ 160ರಿಂದ 175 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಕೋಳಿ ಚೆನ್ನಾಗಿ ಬೇಯುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಒಮ್ಮೆಗೇ ಜಾಸ್ತಿ ತುಂಡು ಹಾಕಿದರೂ ಹೀಗೇ ಆಗುತ್ತದೆ, ಎಣ್ಣೆಯ ಬಿಸಿ ಇಳಿದುಹೋಗುತ್ತದೆ.

ಮೊದಲ ಸಲ ಹೋದಾಗ ಬಕೆಟ್ ತರಿಸಬೇಡಿ. ಒಂದು ತೊಡೆ, ಒಂದು ರೆಕ್ಕೆ ಸಾಕು. ತೊಡೆಯಲ್ಲಿ ಕೊಬ್ಬು ಇರುವುದರಿಂದ ಅಷ್ಟು ಸುಲಭಕ್ಕೆ ಒಣಗುವುದಿಲ್ಲ. ರೆಕ್ಕೆಯಲ್ಲಿ ಚರ್ಮ ಜಾಸ್ತಿ, ಹಿಟ್ಟಿನ ಗುಣ ಅಲ್ಲಿ ಗೊತ್ತಾಗುತ್ತದೆ. ಅಡುಗೆಯವರ ಕೈಹದ ನೋಡಬೇಕೆಂದರೆ ಎದೆಯ ತುಂಡು ತಗೊಳ್ಳಿ. ಅದು ಬೇಗ ಒಣಗುವ ಮಾಂಸ. ಅದನ್ನೂ ರಸ ಬಿಡುವ ಹಾಗೆ ಕರಿದವರು ಉಳಿದದ್ದನ್ನು ಕೆಡಿಸುವುದಿಲ್ಲ. ಒಳಗಿನವರೆಗೂ ಉಪ್ಪು ಹೋಗಿದೆಯಾ ನೋಡಿ. ಮೇಲೆ ಮಾತ್ರ ರುಚಿ, ಒಳಗೆ ಸಪ್ಪೆ ಅಂದರೆ ಮಾಂಸವನ್ನು ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ನೆನೆಹಾಕುವ ಕೆಲಸ ಬಿಟ್ಟಿದ್ದಾರೆ. ಸಾಸ್ ಆಮೇಲೆ. ಮೊದಲ ತುತ್ತು ಸುಮ್ನೆ ಹಾಗೇ ತಿನ್ನಿ.

ಮೂಳೆಯ ಹತ್ತಿರ ಕೆಂಪು ಕಂಡರೆ ಗಾಬರಿಯಾಗಬೇಡಿ. ಎಳೆ ಕೋಳಿಯ ಮೂಳೆಮಜ್ಜೆಯ ಬಣ್ಣ ಸುತ್ತಲಿನ ಮಾಂಸಕ್ಕೆ ಇಳಿಯುತ್ತದೆ, ಬೆಂದಿದ್ದರೂ ಹಾಗೆ ಕಾಣುತ್ತದೆ. ಮಾಂಸ ರಬ್ಬರಿನಂತಿದ್ದರೆ, ಮೂಳೆ ಬಿಡದಿದ್ದರೆ ವಾಪಸ್ ಕೊಡಿ. ಮನೆಯಲ್ಲಿ ಕರಿಯುವವರಿಗೆ ಒಂದು ಅಳತೆ: ತುಂಡಿನ ದಪ್ಪ ಭಾಗದ ಒಳಗೆ 74 ಡಿಗ್ರಿ ಸೆಲ್ಸಿಯಸ್, ಅಂದರೆ 165 ಫ್ಯಾರನ್‌ಹೀಟ್ ಮುಟ್ಟಬೇಕು.

ಫ್ರೈಡ್ ಚಿಕನ್ ಅಂದರೆ ಒಂದೇ ತಿಂಡಿ ಅಲ್ಲ. ಹೊಸಬರಿಗೆ ಮೊದಲು ಗೊತ್ತಾಗುವುದು ಕೆಎಫ್‌ಸಿ. ಅದರ ಹಿಂದಿನ ಯೋಚನೆ ಕೂಡ ಕಾಯುವ ಹೊತ್ತಿನದ್ದೇ. ಅಮೆರಿಕದ ಕೆಂಟಕಿ ರಾಜ್ಯದ ಕಾರ್ಬಿನ್‌ನಲ್ಲಿ ಹೋಟೆಲ್ ನಡೆಸುತ್ತಿದ್ದ ಹಾರ್ಲೆಂಡ್ ಸ್ಯಾಂಡರ್ಸ್‌ಗೆ ಬಾಣಲೆಯಲ್ಲಿ ಚಿಕನ್ ಕರಿಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ಮೊದಲೇ ಕರಿದಿಡಲು ಮನಸ್ಸಿಲ್ಲ, ಗಿರಾಕಿಗೆ ಕಾಯಲು ಪುರುಸೊತ್ತಿಲ್ಲ. ಆತ ಪ್ರೆಶರ್ ಕುಕ್ಕರಿನಲ್ಲಿ ಕರಿಯುವ ದಾರಿ ಹಿಡಿದ. 1952ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಮೊದಲ ಫ್ರಾಂಚೈಸಿ ಶುರುವಾಯಿತು. ಒತ್ತಡದಲ್ಲಿ ಕರಿದ ಚಿಕನ್ ಒಳಗೆ ರಸವಾಗಿರುತ್ತದೆ, ಹೊರಗೆ ಅಷ್ಟು ಗರಿಗರಿ ಅನ್ನುವುದಿಲ್ಲ. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಬ್ರೋಸ್ಟೆಡ್ ಚಿಕನ್ ಅಂತ ಬೋರ್ಡ್ ಕಂಡರೆ ಅದೂ ಇದೇ ಜಾತಿ.

ನನಗೆ ಕೇಳಿದರೆ, ಗರಿಗರಿ ಬೇಕಾದವರು ಕೊರಿಯನ್ ಅಂಗಡಿ ಹುಡುಕಬೇಕು. ಅಲ್ಲಿ ಎರಡು ಸಲ ಕರಿಯುತ್ತಾರೆ. ಮೊದಲ ಸಲ ಬೇಯಲು, ಎರಡನೇ ಸಲ ಚರ್ಮದ ಉಳಿದ ತೇವ ಓಡಿಸಲು. ಪದರ ತೆಳ್ಳಗೆ, ಸಾಸ್ ಬಳಿದರೂ ಸ್ವಲ್ಪ ಹೊತ್ತು ಕುಸಿಯುವುದಿಲ್ಲ. ಪಕ್ಕದಲ್ಲಿ ಕೊಡುವ ಹುಳಿ ಮೂಲಂಗಿ ತುಂಡುಗಳನ್ನು ಬಿಡಬೇಡಿ, ಎಣ್ಣೆಯ ಭಾರ ಇಳಿಸಲೆಂದೇ ಅವು ಇರುವುದು. ಒಬ್ಬರೇ ಹೋದರೆ ಅರ್ಧ ಸಾದಾ, ಅರ್ಧ ಸಾಸ್ ಹಾಕಿದ್ದು ಕೇಳಿ. ಜಪಾನಿನ ಕರಾಗೆ ಸೌಮ್ಯ: ಮೂಳೆಯಿಲ್ಲದ ತೊಡೆ ಮಾಂಸ, ಸೋಯಾ ಸಾಸ್, ಶುಂಠಿ, ಮೇಲೆ ಆಲೂಗಡ್ಡೆ ಪಿಷ್ಟ. ಮಕ್ಕಳಿರುವ ಮನೆಗೆ ಒಳ್ಳೆಯದು. ಜಪಾನಿಗೇ ಬಂದಿಳಿದವರಿಗೆ ಒಂದು ಮಾತು: ಕ್ರಿಸ್‌ಮಸ್ ಹೊತ್ತಿಗೆ ಕೆಎಫ್‌ಸಿಗೆ ಹಾಗೇ ನುಗ್ಗಬೇಡಿ. 1974ರ ಒಂದು ಜಾಹೀರಾತಿನಿಂದ ಶುರುವಾದ ರೂಢಿ, ಜನ ಮುಂಗಡವಾಗಿ ಹೇಳಿಟ್ಟಿರುತ್ತಾರೆ.

ಖಾರದ ವಿಷಯಕ್ಕೆ ಬಂದರೆ ನಮ್ಮವರ ಜಂಬವೇ ಬೇರೆ, ಅಲ್ವಾ? ಅಮೆರಿಕದ ನ್ಯಾಶ್‌ವಿಲ್ ಹಾಟ್ ಚಿಕನ್ ಮುಂದೆ ಆ ಜಂಬ ಸ್ವಲ್ಪ ಪಕ್ಕಕ್ಕಿಡಿ. ಕರಿದ ಚಿಕನ್ನಿಗೆ ಕೆಂಪು ಮೆಣಸಿನ ಪುಡಿಯನ್ನು ಬಿಸಿ ಕೊಬ್ಬಿನಲ್ಲೋ ಎಣ್ಣೆಯಲ್ಲೋ ಕಲಸಿ ಬಳಿಯುತ್ತಾರೆ, ಬಿಳಿ ಬ್ರೆಡ್ ಮೇಲಿಟ್ಟು ಉಪ್ಪಿನಕಾಯಿಯ ಸೌತೆ ಬಿಲ್ಲೆ ಜೊತೆ ಕೊಡುತ್ತಾರೆ. ಅದನ್ನು ಮೊದಲು ಮಾರಿದ್ದು ನ್ಯಾಶ್‌ವಿಲ್ ನಗರದ ಪ್ರಿನ್ಸ್ ಮನೆತನ. ಮನೆತನದ ಥಾರ್ನ್‌ಟನ್ ಪ್ರಿನ್ಸ್ ರಾತ್ರಿಯೆಲ್ಲ ಹೊರಗೆ ಸುತ್ತಿ ಬಂದದ್ದಕ್ಕೆ ಸಿಟ್ಟಾದ ಗೆಳತಿ ಬೆಳಗಿನ ಚಿಕನ್ನಿಗೆ ಖಾರ ಸುರಿದಳು, ಆತನಿಗೆ ಅದೇ ಇಷ್ಟವಾಯಿತು ಅಂತ ಕಥೆ ಹೇಳುತ್ತಾರೆ. ಮೊದಲ ಸಲ ಮಧ್ಯಮ ಖಾರ ತಗೊಳ್ಳಿ. ಇದರ ಖಾರ ಎಣ್ಣೆಯ ಜೊತೆ ನಾಲಿಗೆಗೆ ಅಂಟಿಕೊಳ್ಳುತ್ತದೆ, ನೀರು ಕುಡಿದರೆ ಇಳಿಯುವುದಿಲ್ಲ. ಹಾಲೋ ಬ್ರೆಡ್ಡೋ ಬೇಕು. ತಿಂದ ಕೈ ಕಣ್ಣಿಗೆ ಮುಟ್ಟಿಸಬೇಡಿ.

ಅಮೆರಿಕಕ್ಕೆ ಬಂದವರು ಇನ್ನೊಂದು ವಿಷಯ ತಿಳಿದಿರಲೇಬೇಕು. ಅಲ್ಲಿನ ದಕ್ಷಿಣದ ಫ್ರೈಡ್ ಚಿಕನ್ ಬೆಳೆದದ್ದು ಬಹುಪಾಲು ಕಪ್ಪು ಜನರ ಕೈಯಲ್ಲಿ, ಅದರಲ್ಲೂ ಗುಲಾಮಗಿರಿಯಲ್ಲಿದ್ದ ಅಡುಗೆಯವರ ಕೈಯಲ್ಲಿ. ಅಂತರ್ಯುದ್ಧ ಮುಗಿದ ಮೇಲೆ ವರ್ಜೀನಿಯಾದ ಗಾರ್ಡನ್ಸ್‌ವಿಲ್ ರೈಲು ನಿಲ್ದಾಣದಲ್ಲಿ ಕಪ್ಪು ಹೆಂಗಸರು ತಲೆ ಮೇಲೆ ತಟ್ಟೆ ಹೊತ್ತು, ಕಿಟಕಿಯಲ್ಲಿ ಪ್ರಯಾಣಿಕರಿಗೆ ಚಿಕನ್ ಮಾರುತ್ತಿದ್ದರು. ಆ ದುಡಿಮೆಯಿಂದ ಮನೆ ಕಟ್ಟಿಸಿದವರೂ ಇದ್ದಾರೆ. ಅದೇ ತಿಂಡಿಯನ್ನು ಹಿಡಿದು ಅವರನ್ನು ಹೀಯಾಳಿಸುವ ಚಿತ್ರ, ಜೋಕುಗಳೂ ಅಲ್ಲಿ ಬಹಳ ಕಾಲ ಓಡಾಡಿವೆ. ಹಾಗಾಗಿ ಆಫೀಸಿನಲ್ಲಿ ಕಪ್ಪು ಸಹೋದ್ಯೋಗಿಯನ್ನು "ನಿಮಗೆ ಗೊತ್ತಿರುತ್ತೆ, ಒಳ್ಳೆ ಫ್ರೈಡ್ ಚಿಕನ್ ಎಲ್ಲಿ?" ಅಂತ ಮಾತ್ರ ಕೇಳಬೇಡಿ. ನಿಮ್ಮ ಮನಸ್ಸಿನಲ್ಲಿ ಏನೂ ಇರಲಿಕ್ಕಿಲ್ಲ, ಆದರೆ ಕೇಳಿಸುವುದು ಬೇರೆ ಥರ. ಕೇಳುವುದಿದ್ದರೆ ಎಲ್ಲರಿದ್ದಾಗ ಎಲ್ಲರನ್ನೂ ಕೇಳಿ.

ಯಾರನ್ನು ಕೇಳಬಹುದು? ಬಸ್ ಓಡಿಸುವವರು, ಪಾರ್ಸೆಲ್ ತರುವವರು, ಕಟ್ಟಡ ಕೆಲಸದವರು. ಇವರ ಊಟದ ವಿರಾಮ ಚಿಕ್ಕದು, ಬೀದಿ ಚೆನ್ನಾಗಿ ಗೊತ್ತು, ಕೆಟ್ಟ ಜಾಗಕ್ಕೆ ಎರಡನೇ ಸಲ ಹೋಗುವುದಿಲ್ಲ. ಮಧ್ಯಾಹ್ನ ಅವರ ಗಾಡಿಗಳು ಸಾಲಾಗಿ ನಿಂತ ಕಡೆ ನೀವೂ ನಿಲ್ಲಿಸಿ. ಅಮೆರಿಕದ ದಕ್ಷಿಣದಲ್ಲಿ ಪೆಟ್ರೋಲ್ ಬಂಕಿನ ಒಳಗೇ ಒಳ್ಳೊಳ್ಳೆ ಚಿಕನ್ ಸಿಗುತ್ತದೆ, ಮುಖ ಸಿಂಡರಿಸಬೇಡಿ. ಲಂಡನ್ನಿನಲ್ಲಾದರೆ ಅಮೆರಿಕದ ರಾಜ್ಯಗಳ ಹೆಸರಿಟ್ಟುಕೊಂಡ ಚಿಕನ್ ಅಂಗಡಿಗಳು ಬೀದಿಗೊಂದು. ಹೆಸರಿಗೂ ರುಚಿಗೂ ಸಂಬಂಧ ಇಲ್ಲ. ಆನ್‌ಲೈನ್ ವಿಮರ್ಶೆ ನೋಡುವವರು ನಕ್ಷತ್ರ ಎಣಿಸಬೇಡಿ. ಹೊಸ ವಿಮರ್ಶೆಗಳನ್ನು ಮಾತ್ರ ತೆಗೆದು, ಗಿರಾಕಿಗಳು ಹಾಕಿದ ಫೋಟೋ ನೋಡಿ. ಅಡುಗೆಯವರು ಬದಲಾದರೆ ಹಳೇ ಹೊಗಳಿಕೆ ಉಪಯೋಗಕ್ಕೆ ಬರುವುದಿಲ್ಲ.

ತಿನ್ನದ ವಸ್ತುಗಳಿರುವವರು ಮೊದಲೇ ಕೇಳಿಕೊಳ್ಳಿ. ಕೆಲವು ಕಡೆ ಹಂದಿ ಕೊಬ್ಬಿನಲ್ಲಿ, ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಅಮೆರಿಕದ ದಕ್ಷಿಣದ ಅಂಗಡಿಗಳಲ್ಲಿ ಪಕ್ಕಕ್ಕೆ ಕೊಡುವ ಸೊಪ್ಪು, ಬೀನ್ಸ್ ನೋಡಲು ಸಸ್ಯಾಹಾರ. ಹೆಚ್ಚಿನ ಸಲ ಅದರಲ್ಲಿ ಹೊಗೆಯಾಡಿಸಿದ ಹಂದಿ ಮಾಂಸ ಇರುತ್ತದೆ. ಚಿಕನ್, ಮೀನು, ಆಲೂಗಡ್ಡೆ ಮೂರನ್ನೂ ಒಂದೇ ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ಜೊತೆಗೆ ಬಂದ ಸಸ್ಯಾಹಾರಿ ಗೆಳೆಯರಿಗೆ ಫ್ರೈಸ್ ತರಿಸುವ ಮುಂಚೆ ಕೇಳಿ. ಹಲಾಲ್ ಬೇಕಾದವರು ಬೋರ್ಡ್ ನೋಡಿದರೆ ಸಾಲದು, ಬಾಯಿಬಿಟ್ಟು ಕೇಳಿ. ಕಡಲೆಕಾಯಿ ಅಲರ್ಜಿ ಇರುವವರಂತೂ ಎಣ್ಣೆ ಯಾವುದು ಅಂತ ಕೇಳದೆ ಕೂರಬೇಡಿ.

ಆದಷ್ಟೂ ಅಲ್ಲೇ ತಿನ್ನಿ. ಮನೆಗೆ ತರಲೇಬೇಕಾದರೆ ಡಬ್ಬಿಯ ಮುಚ್ಚಳ ಸ್ವಲ್ಪ ತೆರೆದಿಡಿ, ಆವಿ ಹೊರಗೆ ಹೋಗಲಿ. ಸಾಸ್ ಬೇರೆ ಕೊಡಲು ಹೇಳಿ. ಡೆಲಿವರಿ ಆ್ಯಪಿನಲ್ಲಿ ತರಿಸಿ ಅಂಗಡಿಯನ್ನು ಅಳೆಯಬೇಡಿ, ಮುಚ್ಚಿದ ಚೀಲದಲ್ಲಿ ಅರ್ಧ ಗಂಟೆ ಬೆವರಿದ ಚಿಕನ್ ಯಾರದ್ದಾದರೂ ಒಂದೇ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಇಟ್ಟದ್ದನ್ನು ತಿನ್ನಬೇಡಿ, ಅದಕ್ಕೆ ಮೊದಲೇ ಫ್ರಿಜ್ಜಿಗೆ ಹಾಕಿ. ಮರುದಿನ ಮೈಕ್ರೋವೇವ್ ಬೇಡ. ಓವನ್ನನ್ನು 190 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತುಂಡುಗಳನ್ನು ತಟ್ಟೆಯ ಬದಲು ಜಾಲರಿ ಮೇಲೆ ಬಿಡಿಬಿಡಿಯಾಗಿ ಇಡಿ, ಒಳಗಿನವರೆಗೂ ಬಿಸಿಯಾಗಲಿ. ಕೆಳಗೆ ಒಂದು ಅಲ್ಯೂಮಿನಿಯಂ ಹಾಳೆ ಹಾಸಿ, ಇಲ್ಲದಿದ್ದರೆ ಸೋರಿದ ಕೊಬ್ಬು ಸುಟ್ಟು ಬಾಡಿಗೆ ಮನೆಯ ಹೊಗೆ ಅಲಾರಂ ಕೂಗಿಕೊಳ್ಳುತ್ತದೆ.