ಉಪ್ಪಿಟ್ಟಿನ ಒತ್ತು ಎಲ್ಲಿ ಹೋಯಿತು?

ಕನ್ನಡ ಪುಟ ಬೇರೆ ಬೇರೆ ಬ್ರೌಸರುಗಳಲ್ಲಿ ಹೇಗೆ ಕಾಣುತ್ತದೆ ಅಂತ ನೋಡಲು ನಾನು ಇಟ್ಟುಕೊಂಡಿರುವ ಪದ ‘ಉಪ್ಪಿಟ್ಟು’. ಎರಡು ಒತ್ತು, ಒಂದು ಗುಡಿಸು, ಒಂದು ಕೊಂಬು. ಮೇಲೂ ಕೆಳಗೂ ಜಾಗ ಕೇಳುವ ಪದ. ಇದು ಸರಿ ಬಂದರೆ ಮೆನುವಿನ ಮುಕ್ಕಾಲು ಪಾಲು ಸರಿ ಬಂದ ಹಾಗೆ.

ಮೆನು ಅಂದದ್ದು ಮುಂಬೈ ಮಾಟುಂಗದ ಒಂದು ಉಡುಪಿ ಹೋಟೆಲಿನದು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬೇಕಿತ್ತು. ಟೇಬಲ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯಬೇಕು. ಗಿರಾಕಿಗಳ ಕೈಯಲ್ಲಿ ಎಂಥೆಂಥ ಫೋನೋ! ನನ್ನ ವಿಂಡೋಸ್ ಲ್ಯಾಪ್‌ಟಾಪ್, ಒಂದು ಹಳೇ ಆಂಡ್ರಾಯ್ಡ್, ತಮ್ಮನ ಐಫೋನ್ ಮೂರನ್ನೂ ಸಾಲಾಗಿಟ್ಟು, ಪುಟದ ರೂಪ ಹೇಗಿರಬೇಕು ಅಂತ ಹೇಳುವ ಸಿಎಸ್‌ಎಸ್‌ನ ಒಂದೊಂದೇ ಸಾಲು ಬದಲಿಸುತ್ತಾ ಹೋದೆ.

ಮೊದಲು ಲೈನ್-ಹೈಟ್, ಅಂದರೆ ಒಂದು ಸಾಲಿಗೆ ಸಿಗುವ ಎತ್ತರ. ಇಂಗ್ಲಿಷಿಗೆ ಅಕ್ಷರದ ಅಳತೆಯ 1.2 ಪಟ್ಟು ಸಾಕು. ಅದನ್ನೇ ಕನ್ನಡಕ್ಕೂ ಕೊಟ್ಟು, ಉದ್ದದ ಹೆಸರು ಹೊರಗೆ ಚಾಚದಿರಲಿ ಅಂತ ಓವರ್‌ಫ್ಲೋ ಹಿಡನ್ (ಚೌಕದಾಚೆ ಹೋದದ್ದನ್ನು ಮರೆಮಾಡುವ ಸಾಲು) ಹಾಕಿ ನೋಡಿದೆ. ಒತ್ತುಗಳ ಬುಡ ಕತ್ತರಿಸಿ ಹೋಯಿತು. ಹೋಟೆಲಿನ ಶೆಟ್ರು ಫೋನ್ ನೋಡಿ, “ಎಂತ ಮಾರಾಯ್ರೆ, ಉಪ್ಪಿಟ್ಟು ಹೋಗಿ ಉಪಿಟು ಆಯ್ತಲ್ಲ!” ಎಂದರು. ಎಷ್ಟು ಕತ್ತರಿಸುತ್ತದೆ ಅನ್ನೋದು ಫಾಂಟಿನ ಮೇಲೆ ಹೋಗುತ್ತದೆ. ವಿಂಡೋಸಿನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡಿನಲ್ಲಿ ನೋಟೋ, ಒಂದೊಂದರ ಅಳತೆ ಒಂದೊಂದು ಥರ. ಬ್ರೌಸರನ್ನು ಬೈದು ಪ್ರಯೋಜನವಿಲ್ಲ. ಎಲ್ಲ ಕಡೆ ಒಂದೇ ಫಾಂಟ್ ಬರಲಿ ಅಂತ ನೋಟೋ ಸಾನ್ಸ್ ಕನ್ನಡವನ್ನು ಪುಟದ ಜೊತೆಗೇ ಕಳಿಸಿದೆ. ಕನ್ನಡಕ್ಕೆ ಮಾತ್ರ ಲೈನ್-ಹೈಟ್ 1.6 ಮಾಡಿ, ಕೆಳಗೆ ಚೂರು ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟೆ. ಒತ್ತು ವಾಪಸ್ ಬಂತು.

ನಿಜವಾದ ಮಜಾ ಇದ್ದದ್ದು ಮೊದಲ ಅಕ್ಷರಕ್ಕೆ ಮಾತ್ರ ಬೇರೆ ರೂಪ ಕೊಡುವ ಸಿಎಸ್‌ಎಸ್‌ನ ಫಸ್ಟ್-ಲೆಟರಿನಲ್ಲಿ. ಹಳೇ ಪತ್ರಿಕೆಗಳಲ್ಲಿ ಇರುತ್ತಿತ್ತಲ್ಲ, ಹಾಗೆ ಮೊದಲ ಅಕ್ಷರ ದಪ್ಪಗೆ, ಕೆಂಪಗೆ ಬರಬೇಕು ಅಂತ ಶೆಟ್ರ ಆಸೆ. ‘ದೋಸೆ’ಗೆ ತೊಂದರೆ ಇಲ್ಲ. ‘ಸ್ಪೆಷಲ್’ಗೆ ಬಂದಾಗ ‘ಸ್’ ಮಾತ್ರ ದಪ್ಪಗಾಗಿ, ‘ಪೆಷಲ್’ ಪಕ್ಕದಲ್ಲಿ ಬೇರೆಯಾಗಿ ನಿಂತಿತು. ಕಂಪ್ಯೂಟರ್ ಒಂದಕ್ಷರ ಅಂತ ಎಣಿಸುವುದು ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಮಾನದಂಡದ ನಿಯಮದ ಪ್ರಕಾರ. ಒತ್ತಕ್ಷರವನ್ನು ಒಂದೇ ಅಕ್ಷರವಾಗಿ ಎಣಿಸುವ ನಿಯಮ 2023ರ ಯೂನಿಕೋಡ್ 15.1ರಲ್ಲಿ ಬಂತು. ದೇವನಾಗರಿ, ತೆಲುಗು, ಮಲಯಾಳಂ ಎಲ್ಲ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ಪಕ್ಕದ ಮನೆಯ ತೆಲುಗಿಗೆ ಸಿಕ್ಕಿದ್ದು ನಮಗೆ ಸಿಗಲಿಲ್ಲ ಅಂದರೆ ಹೊಟ್ಟೆ ಉರಿಯುತ್ತೆ, ಅಲ್ವಾ? ಫಸ್ಟ್-ಲೆಟರ್ ತೆಗೆದುಹಾಕಿ, ‘ಸ್ಪೆ’ಯನ್ನು ಕೈಯಾರೆ ಒಂದು ಸ್ಪ್ಯಾನ್ (ಪದದ ತುಂಡನ್ನು ಗುರುತಿಸುವ ಟ್ಯಾಗ್) ಒಳಗೆ ಇಟ್ಟೆ. ಶೀರ್ಷಿಕೆಗಳು ಕಮ್ಮಿ ಇದ್ದವು, ಬಚಾವ್.

ಐಫೋನಿನಲ್ಲಿ ಇನ್ನೊಂದು ತರಲೆ. ಪುಟದ ಎತ್ತರ 100 ವಿಎಚ್ (ಪರದೆಯ ಪೂರ್ತಿ ಎತ್ತರ) ಅಂದರೆ ಸಫಾರಿ ತನ್ನ ವಿಳಾಸಪಟ್ಟಿಯ ಹಿಂದಿನ ಜಾಗವನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಕೆಳಗಿನ ‘ಆರ್ಡರ್’ ಬಟನ್ ಅದರಡಿ ಅಡಗಿಕೊಳ್ಳುತ್ತದೆ. ಕ್ರೋಮ್ ಹಾಕಿಕೊಳ್ಳಿ ಅನ್ನುವುದೂ ದಂಡ. ನಮ್ಮಲ್ಲಿ ಐಫೋನಿನ ಕ್ರೋಮ್ ಒಳಗೆ ಓಡುವುದೂ ಸಫಾರಿಯ ಪುಟ ಬಿಡಿಸುವ ಇಂಜಿನ್ ವೆಬ್‌ಕಿಟ್ಟೇ. ಮೊದಲ ಸಾಲಿನಲ್ಲಿ 100 ವಿಎಚ್, ಅದರ ಕೆಳಗೇ 100 ಎಸ್‌ವಿಎಚ್ (ವಿಳಾಸಪಟ್ಟಿ ಕಾಣುವಾಗ ಉಳಿಯುವ ಎತ್ತರ) ಬರೆದೆ. 2022ರ ಸಫಾರಿ 15.4 ಮತ್ತು ಅದರ ನಂತರದವು ಎರಡನೆಯದನ್ನು ಹಿಡಿಯುತ್ತವೆ. ಹಳೆಯವು ಅರ್ಥವಾಗದ ಸಾಲು ಬಿಟ್ಟು ಮೊದಲನೆಯದರಲ್ಲೇ ಇರುತ್ತವೆ. ವಿಳಾಸಪಟ್ಟಿ ಬಂದು ಹೋದಂತೆ ಬದಲಾಗುವ ಡಿವಿಎಚ್ ಕೂಡ ಹಾಕಿ ನೋಡಿದೆ. ಸ್ಕ್ರೋಲ್ ಮಾಡಿದಾಗೆಲ್ಲ ಪುಟ ಹಿಗ್ಗಿ ಕುಗ್ಗುತ್ತಿತ್ತು, ನನಗೆ ಹಿಡಿಸಲಿಲ್ಲ.

ಹೆಸರು ಬರೆಯುವ ಜಾಗದಲ್ಲಿ ಅಕ್ಷರ 16 ಪಿಕ್ಸೆಲಿಗಿಂತ ಚಿಕ್ಕದಿದ್ದರೆ ಐಫೋನ್ ತಾನಾಗೇ ಝೂಮ್ ಮಾಡುತ್ತದೆ. 16 ಕೊಟ್ಟೆ, ನಿಂತಿತು. ಡ್ರಾಪ್‌ಡೌನ್ ಮೂರು ಕಡೆ ಮೂರು ಥರ ಕಾಣುತ್ತದೆ. ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅವರವರ ಫೋನಿನ ಡ್ರಾಪ್‌ಡೌನ್ ಅವರವರಿಗೆ ರೂಢಿ ಇರುತ್ತದೆ.